ಮಿಂಚಿಗಿಂತ ಮೊದಲು ತಿನ್ನುವವರು ಯಾರು?

ಬಾಗಿಲು ಎಳೆದುಕೊಂಡು ಬನ್ನಿ, ಹತ್ತಿರ ಕೂತುಕೊಳ್ಳಿ. ಇದು ತೋಳ ಬರುವ ಊರಿನ ಕತೆ.

ನಾನು ಹುಟ್ಟಿದ ಸೀಮೆಯಲ್ಲಿ, ಜಾಲಿಗಿಡಗಳ ಬಯಲಿನ ಅಂಚಿಗೆ ಒಂದು ಊರು. ಆ ಊರಲ್ಲಿ ಲಗಮವ್ವ ಅಂತ ಒಬ್ಬ ಮುದುಕಿ. ಅವಳಿಗೆ ಬರಮ್ಯಾ ಅಂತ ಒಬ್ಬನೇ ಮಗ. ಆಳು ತೊಲೆಯ ಹಾಗಿದ್ದ, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಲಗಮವ್ವ ಅವನಿಗೆ ಏನಾದರೂ ಹೇಳಬೇಕೆಂದರೆ ಹೆದರುತ್ತಿದ್ದಳು.

ಅವರ ಬದುಕೆಲ್ಲ ಒಂದು ಕುರಿದೊಡ್ಡಿ. ದೊಡ್ಡಿಗೆ ಕಾವಲು ಮಿಂಚಿ ಎನ್ನುವ ಬೇಟೆನಾಯಿ. ಸಣ್ಣ ನಡು, ಉದ್ದ ಕಾಲು. ಮಿಂಚಿ ಒಂದು ಸಲ ಬೊಗಳಿದರೆ ತೋಳ ಹಳ್ಳದ ಆಚೆಗೇ ನಿಂತುಬಿಡುತ್ತಿತ್ತು. ಆ ವರ್ಷ ಮಿಂಚಿ ಮರಿ ಹಾಕಿತು. ಹಾಲು ಬತ್ತಿತು, ಪಕ್ಕೆಲುಬು ಎದ್ದವು. ರೊಟ್ಟಿ ಹಾಕಿದರೆ ಮೂಸಿ ಬಿಟ್ಟುಬಿಡುವುದು. ದನದ ಡಾಕ್ಟರು ನೋಡಿ, "ಅಂಗಡ್ಯಾಗ ನಾಯಿಗಂತ ಚೀಲದ ಕಾಳು ಸಿಗ್ತಾವ. ಹಾಲಿನಾಗ ನೆನಸಿ ಹಾಕವ್ವ," ಅಂದರು.

ಅಂದುಬಿಟ್ಟರು! ಆದರೆ ಅದೇ ಚೀಲದ ಕಾಳು ತಿಂದು ಪಕ್ಕದ ಓಣಿಯ ನಾಯಿಗಳು ಒಂದರ ಹಿಂದೆ ಒಂದು ಕಾಲು ಸೆಟೆದು ಬಿದ್ದಿದ್ದವು. ಬಾಯಲ್ಲಿ ನೊರೆ. ನಾಯಿ ಸತ್ತ ದೊಡ್ಡಿಗೆ ತೋಳ ನುಗ್ಗಿತ್ತು. ಬೆಳಗ್ಗೆ ನೋಡಿದರೆ ಒಂದಿಷ್ಟು ಉಣ್ಣೆ, ಒಂದಿಷ್ಟು ರಕ್ತ, ಅಷ್ಟೆ. ಕಾಳು ಹಾಕದಿದ್ದರೂ ಮಿಂಚಿ ಉಳಿಯುವುದಿಲ್ಲ, ಕೆಟ್ಟ ಕಾಳು ಹಾಕಿದರೂ ಉಳಿಯುವುದಿಲ್ಲ. ಮಿಂಚಿ ಹೋದರೆ ದೊಡ್ಡಿ ಹೋಯಿತು.

ಲಗಮವ್ವನಿಗೆ ಮೊಣಕಾಲು ನೋವು. ಹೋಗುವವನು ಮಗನೇ. ಊರಿಗೆಲ್ಲ ಇದ್ದದ್ದು ಅಡಿವೆಪ್ಪನದೊಂದೇ ಅಂಗಡಿ.

"ಬರಮ್ಯಾ, ಅಡಿವೆಪ್ಪನ ಅಂಗಡಿಗೆ ಹೋಗು. ನಾಯಿ ಚಿತ್ರ ಇರೋ ಚೀಲ ತಗೊಂಡು ಬಾ."

"ಹೂಂ ಯವ್ವಾ!"

ಹೋದ. ಯಾವ ಚೀಲದ ಮೇಲೆ ನಾಯಿ ಎಲ್ಲಕ್ಕಿಂತ ದೊಡ್ಡದಾಗಿತ್ತೋ ಅದನ್ನೇ ಹೊತ್ತು ತಂದ. ಚೀಲದ ತಳ ಹರಿದಿತ್ತು, ಒಳಗೆ ತೇವ. ಲಗಮವ್ವ ಬಾಯಿ ಬಿಚ್ಚಿದಳು. ಕಾಳಿನ ಮೇಲೆ ಹಸಿರು ಬೂಷ್ಟು! ಮಿಂಚಿ ಆಗಲೇ ಮೂತಿ ಚಾಚಿತ್ತು. ಚೀಲವನ್ನು ಆಚೆಗೆ ಎಳೆದಳು.

"ಮೂಗಿಲ್ಲೇನಲೇ ನಿನಗ?"

"ಐತಿ ಯವ್ವಾ, ಮುಖದ ಮ್ಯಾಲೇ ಐತಿ."

"ಇದ್ರ ಮೂಸಬೇಕು! ಮುಗ್ಗು ನಾತ ಬಂತೋ, ಊರ ಹೊರಗ ಒಯ್ದು ಕುಣಿ ತಗದು ಹೂಳಿಬಿಡಬೇಕು!"

"ಹಂಗೇ ಮಾಡ್ತೀನಿ ಯವ್ವಾ!"

ಆ ಚೀಲವನ್ನು ಹೂಳಿ ಬಂದ. ಮರುದಿನ ಲಗಮವ್ವ, "ಮರಿಗಳು ಚಳಿಗೆ ನಡಗಾಕ್ಹತ್ತಾವ. ಮಾಯಪ್ಪಜ್ಜನ ಮನಿಗೆ ಹೋಗಿ ಒಂದು ಹಳೇ ಕಂಬಳಿ ಇಸ್ಕೊಂಡು ಬಾ," ಅಂದಳು.

ಹೋದ. ಮಾಯಪ್ಪಜ್ಜ ಜ್ವರ ಬಂದು ಅದೇ ಕಂಬಳಿ ಹೊದ್ದು ಮಲಗಿದ್ದ. ಬರಮ್ಯಾ ಬಗ್ಗಿ ಮೂಸಿದ. ಮುಗ್ಗು ನಾತ! ಇನ್ನೊಮ್ಮೆ ಮೂಸಿದ. ಮುಗ್ಗು ನಾತವೇ! ಕಂಬಳಿ ಸಮೇತ ಅಜ್ಜನನ್ನು ಹೆಗಲ ಮೇಲೆ ಹಾಕಿಕೊಂಡು ಊರ ಹೊರಗೆ ನಡೆದ. ಕುಣಿ ತೆಗೆದ. ಅಜ್ಜನನ್ನು ಇಳಿಸಿದ. ಮಣ್ಣು ಎಳೆಯಲು ಶುರು ಮಾಡಿದ.

"ನಾ ಇನ್ನೂ ಸತ್ತಿಲ್ಲಲೇ!" ಅಜ್ಜ ಚೀರಿದ.

"ಸತ್ತೀ ಅಂತ ಯಾರಂದ್ರು ಅಜ್ಜಾ? ನಾತ ಬರಾಕ್ಹತ್ತೈತಿ, ಅಷ್ಟ. ಬಾಯಿ ಮುಚ್ಚಿಕೋ, ಮಣ್ಣು ಹೋದೀತು."

ಕುರಿ ಕಾಯುವವರು ಓಡಿ ಬಂದು ಅಜ್ಜನನ್ನು ಎಳೆದುಕೊಂಡರು. ಅಜ್ಜನ ಜ್ವರ ಹೆದರಿಕೆಗೇ ಬಿಟ್ಟುಹೋಯಿತು. ನಡುಕ ಮಾತ್ರ ಉಳಿಯಿತು.

ಲಗಮವ್ವ ಹಣೆ ಬಡಿದುಕೊಂಡಳು. "ಅಯ್ಯೋ, ಬರೇ ಮೂಗು ನಂಬಿ ಹಿಂಗಾತು! ಹಿಂದ ಬೆನ್ನಿಗೆ ತಾರೀಖು ಬರದಿರತಾರ. ಎಂದು ಮಾಡಿದ್ದು, ಎಂದಿಗೆ ಮುಗೀತೈತಿ, ಅದನ್ನ ನೋಡಬೇಕು! ತಾರೀಖು ಇಲ್ಲದ್ದನ್ನ ಹೊಸ್ತಿಲ ದಾಟಿಸಬಾರದು!"

"ಹೂಂ ಯವ್ವಾ, ದಾಟಸಂಗಿಲ್ಲ!"

ಆ ಮಧ್ಯಾಹ್ನ ಮಿಂಚಿಗೆ ಎದ್ದು ನಿಲ್ಲಲು ಆಗಲಿಲ್ಲ. ಮರಿಗಳು ಬರಿ ಮೊಲೆ ಚೀಪಿ ಕುಂಯ್‌ಗುಡುತ್ತಿದ್ದವು.

"ಓಡು ಬರಮ್ಯಾ, ಡಾಕ್ಟರನ್ನ ಕರಕೊಂಡು ಬಾ!"

ಓಡಿದ. ಡಾಕ್ಟರು ಪಾಪ, ಉಣ್ಣುವುದನ್ನು ಬಿಟ್ಟು ಬಂದರು. ಹೊಸ್ತಿಲ ಹತ್ತಿರ ಬಂದದ್ದೇ ಬರಮ್ಯಾ ಅವರನ್ನು ಗರಕ್ಕನೆ ತಿರುಗಿಸಿದ. ಅಂಗಿ ಎತ್ತಿ ಬೆನ್ನು ನೋಡಿದ.

"ಏನಪಾ ಇದು?"

"ಎಂದು ಮಾಡಿದ್ದು, ಎಂದಿಗೆ ಮುಗೀತೈತಿ, ಏನೂ ಬರದಿಲ್ಲ! ಒಳಗ ಬಿಡಾಂಗಿಲ್ಲ!"

"ನನ್ನ ದಿನ ಎಂದಿಗೆ ಮುಗೀತೈತಿ ಅಂತ ನನ್ನ ಬೆನ್ನ ಮ್ಯಾಲೆ ಹುಡಕ್ತೀಯೇನಲೇ!" ಡಾಕ್ಟರು ಹೆದರಿದರೋ ಸಿಟ್ಟಾದರೋ, ಬಂದ ದಾರಿ ಹಿಡಿದರು. ಲಗಮವ್ವ ಕುಂಟುತ್ತ ಹೊರಗೆ ಬಂದಾಗ ಮೋಟಾರು ಸೈಕಲ್ಲಿನ ಧೂಳು ಮಾತ್ರ ಇತ್ತು. ಅವಳು ಹೊಸ್ತಿಲ ಮೇಲೇ ಕುಸಿದಳು.

"ಮನಷ್ಯಾರ ಬೆನ್ನಲ್ಲೋ, ಚೀಲದ ಬೆನ್ನು ನೋಡಂತ ನಾ ಹೇಳಿದ್ದು! ಹೋಗು. ಮೂಗೂ ಇರಲಿ, ತಾರೀಖೂ ಇರಲಿ. ಇನ್ನೊಂದು ಚೀಲ ತಾ."

ತಂದ. ಈ ಸಲ ಚೀಲ ಹರಿದಿರಲಿಲ್ಲ. ಹಿಂದೆ ತಾರೀಖೂ ಇತ್ತು. ಆದರೆ ಲಗಮವ್ವ ಉಗುರಿನಿಂದ ಕೆರೆದಳು. ತಾರೀಖಿನ ಚೀಟಿ ಎದ್ದು ಬಂತು! ಅದರ ಕೆಳಗೆ ಇನ್ನೊಂದು ತಾರೀಖು, ಎಂದೋ ಮುಗಿದುಹೋದದ್ದು. ಕಾಳಿನ ನಾತ ಕೆಟ್ಟದ್ದೋ ಒಳ್ಳೆಯದೋ ತಿಳಿಯದು. ಹಾಕಲೋ, ಬಿಡಲೋ? ಹೊತ್ತು ಇಳಿಯುತ್ತಿತ್ತು. ಹಳ್ಳದ ಆಚೆಯಿಂದ ಒಂದು ಊಳು ಕೇಳಿತು. ಉದ್ದನೆಯ ಊಳು. ಮಿಂಚಿ ಕಿವಿ ನಿಮಿರಿಸಿತು, ಬೊಗಳಲು ಬಾಯಿ ತೆರೆಯಿತು. ಸ್ವರ ಬರಲಿಲ್ಲ. ದೊಡ್ಡಿಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡವು.

ಲಗಮವ್ವ ಚೀಲವನ್ನು ಮಗನ ಕಡೆ ನೂಕಿದಳು. "ಬರಮ್ಯಾ, ಮೊದಲು ಮಿಂಚಿಗೆ ಬ್ಯಾಡ. ಸತ್ರ ಯಾರೂ ಅಳದಂಥ ಜೀವಕ್ಕ ನಾಕ್ ಕಾಳು ಹಾಕಿ ನೋಡು." ಅವಳ ಮನಸ್ಸಿನಲ್ಲಿ ಇದ್ದದ್ದು ಇಲಿ.

"ಹೂಂ ಯವ್ವಾ!"

ಚೀಲ ಹೆಗಲಿಗೆ, ಬಟ್ಟಲು ಕೈಗೆ. ಮನೆ ಮನೆ ಬಾಗಿಲು ಬಡಿದ.

"ಯಕ್ಕಾ, ನೀ ಸತ್ರ ಯಾರರ ಅಳ್ತಾರೇನು?"

"ಥೂ, ನಿನ್ನ ಬಾಯಾಗ ಮಣ್ಣು ಬೀಳಲಿ! ಅಳಲಾರದ ನಗ್ತಾರೇನು?" ಬಾಗಿಲು ಧಡ್!

"ಕಾಕಾ, ನೀ ಸತ್ರ?" ಬಾಗಿಲು ಧಡ್!

ಮಾಯಪ್ಪಜ್ಜ ದೂರದಿಂದಲೇ ನೋಡಿ ಅಟ್ಟ ಹತ್ತಿ ಏಣಿ ಎಳೆದುಕೊಂಡ. ಓಣಿಗೆ ಓಣಿಯೇ ಅಗುಳಿ ಹಾಕಿತು. ನೀಲವ್ವ ಎನ್ನುವ ಹೆಂಗಸು ಮಾತ್ರ ಕಟ್ಟೆಯಿಂದ ಏಳಲಿಲ್ಲ. ಅವಳ ನಾಯಿಯೂ ಸತ್ತಿತ್ತು, ಅವಳ ಕುರಿಗಳನ್ನೂ ತೋಳ ಒಯ್ದಿತ್ತು.

"ಯಾರೂ ಅಳದ ಜೀವ ಬೇಕೇನು? ಅಡಿವೆಪ್ಪನ ಕಡೆ ಹೋಗು! ಅವ ಸತ್ರ ನನ್ನ ಕಣ್ಣಾಗ ಒಂದು ಹನಿ ಬಂದ್ರ ಕೇಳು!"

ಬರಮ್ಯಾ ನೆಟ್ಟಗೆ ಅಂಗಡಿಗೆ ನಡೆದ. ಹಿಂದೆ ನೀಲವ್ವ. ಕಿಟಕಿಯಲ್ಲಿ ಇಣುಕುತ್ತಿದ್ದವರೂ ಅಗುಳಿ ತೆಗೆದು ಹಿಂದೆ ಬಂದರು.

"ಕಾಕಾ, ತಿನ್ನು."

"ಏನೋ ಇದು?"

"ನಿನ್ನ ಕಾಳು. ನೀ ತಿಂದು ಬದುಕಿದ್ರ ಮಿಂಚಿಗೆ ಹಾಕ್ತೀನಿ. ಸತ್ರ ಚಿಂತಿಲ್ಲ, ಯಾರೂ ಅಳಂಗಿಲ್ಲಂತ."

ಅಡಿವೆಪ್ಪ ನಕ್ಕ. ಯಾರೂ ನಗಲಿಲ್ಲ.

"ಒಂದು ಕಾಳು ತಿನ್ನಪಾ," ಅಂದಳು ನೀಲವ್ವ. "ನಮ್ಮ ನಾಯಿಗೆ ಚೀಲಗಟ್ಟಲೆ ಕೊಟ್ಟೀದಿ. ನೀ ಒಂದ ಕಾಳು ತಿನ್ನು."

ಬರಮ್ಯಾ ಬಟ್ಟಲನ್ನು ಅವನ ತುಟಿಗೆ ಹಿಡಿದ. ಅಡಿವೆಪ್ಪ ಗೋಡೆಗೆ ಅಂಟಿಕೊಂಡ.

"ಬ್ಯಾಡ! ಮಳಿ ನೀರು ಕುಡದ ಮಾಲು ಅದು! ಚೀಟಿ ನಾನೇ ಅಂಟಿಸೀನಿ! ಬ್ಯಾಡಪಾ, ನನಗ ಮಕ್ಕಳದಾರ!"

ಮಂದಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತರು. ಅದನ್ನು ನೋಡಿದ್ದೇ ಅಡಿವೆಪ್ಪನಿಗೆ ಹೆದರಿಕೆ ಹತ್ತಿತು. ಓಡಿ ಒಳಗಿನಿಂದ ಹೊಸ ಚೀಲ ತಂದ. ಎಲ್ಲರ ಎದುರಿಗೆ ಬಾಯಿ ಕಟ್ಟಿದ ದಾರ ಬಿಚ್ಚಿದ. ತಾನೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ನುಂಗಿದ.

ಆ ಕಾಳು ಹಾಲಿನಲ್ಲಿ ನೆನೆಯಿತು. ಮಿಂಚಿ ಬಟ್ಟಲು ನೆಕ್ಕಿತು, ಇನ್ನಷ್ಟು ಕೇಳಿತು. ದಿನ ಕಳೆದ ಹಾಗೆ ಮೊಲೆಗೆ ಹಾಲು ಇಳಿಯಿತು, ಮರಿಗಳು ದುಂಡಗಾದವು. ಒಂದು ಸಂಜೆ ಹಳ್ಳದ ಆಚೆ ಊಳು ಕೇಳಿತು. ಮಿಂಚಿ ಎದ್ದು ನಿಂತು ಬೊಗಳಿತು. ಊಳು ಅರ್ಧಕ್ಕೇ ನಿಂತಿತು.

ಲಗಮವ್ವನಿಗೆ ಅಳುವೂ ಬಂತು, ಹಳೆಯ ಹೆದರಿಕೆಯೂ ಬಂತು. ಮಗನ ಗದ್ದ ಹಿಡಿದು ಹೇಳಿದಳು:

"ಬರಮ್ಯಾ, ಇದೊಂದು ಮಾತು ಮರೀಬ್ಯಾಡ. ಇನ್ನ ಮ್ಯಾಲೆ ಅಡಿವೆಪ್ಪ ಮೊದಲು ಬಾಯಿಗೆ ಹಾಕ್ಕೊಳ್ಳದ ಮಿಂಚಿ ಒಂದು ತುತ್ತೂ ತಿನ್ನಬಾರದು!"

"ಹೂಂ ಯವ್ವಾ!"

ಬೆಳಗ್ಗೆ ಹಿತ್ತಲಲ್ಲಿ ಯಾರೋ ಬಿಕ್ಕುವ ಸದ್ದು. ಲಗಮವ್ವ ಕುಂಟುತ್ತ ಹೋಗಿ ನೋಡಿದರೆ, ಮಿಂಚಿಯ ಗೂಟಕ್ಕೆ ಅಡಿವೆಪ್ಪನನ್ನು ಕುರಿಯ ಹಗ್ಗದಿಂದ ಕಟ್ಟಿದೆ! ಪಕ್ಕದಲ್ಲಿ ಮಿಂಚಿ ಬಾಲ ಆಡಿಸುತ್ತ ಕೂತಿದೆ.

"ಬಿಡಸವ್ವ ತಾಯೀ!" ಅಡಿವೆಪ್ಪ ಅತ್ತ. "ಕಾಳು ತಿಂದೆ, ಹಾಲು ಕುಡದೆ, ಇನ್ನೇನು ಮಾಡ್ಲಿ?"

"ಸುಳ್ಳು ಹೇಳತಾನ ಯವ್ವಾ, ಇನ್ನೂ ಮುಗಿದಿಲ್ಲ," ಅಂದ ಬರಮ್ಯಾ. ಮಿಂಚಿ ಆಗಷ್ಟೇ ಹಿಡಿದು ತಂದಿದ್ದ ಹೆಗ್ಗಣವನ್ನು ಬಾಲ ಹಿಡಿದು ಎತ್ತಿದ. "ಮಿಂಚಿಗೆ ಹಸಿವಾಗೈತಿ. ಕಾಕಾ, ಬಾಯಿ ತಗಿ!"