ಸಿಂಪಿಗ ಹಕ್ಕಿಯ ಬೋರ್ಡು

ಎಲೆ ಹೊಲಿದು, ಒಳಗೆ ಹತ್ತಿ ಹಾಸಿ ಗೂಡು ಸಿಂಗರಿಸುವುದರಲ್ಲಿ ಸಿಂಪಿಗ ಹಕ್ಕಿಯ ಕೊಕ್ಕು ಪಳಗಿತ್ತು. ಆದರೆ ಗಿರಾಕಿಗಳೇ ಕಡಿಮೆ. ಕೊನೆಗೆ ಅದು ದಾಸವಾಳದ ಗಿಡಕ್ಕೆ ಬೋರ್ಡು ತಗುಲಿಹಾಕಿತು: ‘ಗೂಡುಗಳ ಒಳಾಂಗಣ ವಿನ್ಯಾಸಕ್ಕೆ ಇಲ್ಲಿ ವಿಚಾರಿಸಿ.’

ಮೊದಲು ವಿಚಾರಿಸಲು ಬಂದದ್ದು ಬೆಕ್ಕು.

“ಬೋರ್ಡೇನೋ ಜೋರಾಗಿದೆ. ಹಿಂದೆ ಮಾಡಿದ ಕೆಲಸ ಒಂದಾದರೂ ತೋರಿಸಿ” ಎನ್ನುತ್ತ ಅದು ಗಿಡದ ಸುತ್ತ ಇಣುಕಿ ನೋಡಿತು.

ಬೆಕ್ಕಿನ ತಲೆಯ ಮೇಲೆಯೇ, ಹೊಲಿದ ಎರಡು ಎಲೆಗಳ ನಡುವೆ, ಸಿಂಪಿಗನ ಗಿರಾಕಿಯಾದ ಸೂರಕ್ಕಿ ಎಂಬ ಪುಟ್ಟ ಹಕ್ಕಿ ಉಸಿರು ಬಿಗಿಹಿಡಿದು ಮೊಟ್ಟೆಗಳ ಮೇಲೆ ಕೂತಿತ್ತು. ಸಿಂಪಿಗ ಮಾಡಿದ ಗೂಡುಗಳಲ್ಲೆಲ್ಲ ಆ ಗೂಡೇ ಚೆಂದದ್ದು. ‘ತಲೆಯೆತ್ತಿ ನೋಡಿ’ ಎಂಬ ಮಾತು ಸಿಂಪಿಗನ ನಾಲಿಗೆಯ ತುದಿಗೆ ಬಂದಿತ್ತು.

“ಒಂದೂ ಇಲ್ಲವೇ? ಮತ್ತೆ ಈ ಬೋರ್ಡು ಯಾವ ಪುರುಷಾರ್ಥಕ್ಕೆ?” ಎಂದು ಬೆಕ್ಕು ನಕ್ಕಿತು.

ಸಿಂಪಿಗ ಅವಮಾನ ನುಂಗಿಕೊಂಡು, “ಇನ್ನೂ ಯಾರೂ ಕೆಲಸ ಕೊಟ್ಟಿಲ್ಲ ಸ್ವಾಮಿ” ಎಂದಿತು.

ಬೆಕ್ಕು ತೋಟವೆಲ್ಲ ತಿರುಗಿ ಸಾರಿತು: “ಆ ಸಿಂಪಿಗನನ್ನು ನಂಬಬೇಡಿ! ಒಂದೊಂದು ಎಲೆಯನ್ನೂ ಹುಡುಕಿದೆ. ಅದು ಮಾಡಿದ ಒಂದು ಗೂಡೂ ನನ್ನ ಕಣ್ಣಿಗೆ ಬೀಳಲಿಲ್ಲ.”

ಸಂಜೆಯೊಳಗೆ, ಮೊಟ್ಟೆಯಿಡಲಿದ್ದ ಹಕ್ಕಿಗಳೆಲ್ಲ ಸಿಂಪಿಗನ ಮುಂದೆ ಸಾಲುಗಟ್ಟಿ ನಿಂತಿದ್ದವು.