ಮಗ್ಗ ನಿಂತ ದಿನ

ಈ ಕತೆಯನ್ನು ಮೊದಲು ಹೇಳಿದವರು ನಮ್ಮೂರ ಮಠದ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದ ಗುರುಪಾದಯ್ಯನವರು. ಅವರ ಬಾಯಿಂದ ಕೇಳಿದಂತೆಯೇ ಇಲ್ಲಿದೆ.

ಒಬ್ಬ ಶಿಷ್ಯ ತನ್ನ ಗುರುಗಳನ್ನು ಕೇಳಿದ: “ಅಪ್ಪಾವರೇ, ಭಜನೆ ಶುರುವಾದ ಕೂಡಲೇ ನನ್ನೊಳಗೆ ಏನೋ ಮಿಡಿಯುತ್ತದೆ. ಒಂದು ದಿನವೂ ತಪ್ಪಿದ್ದಿಲ್ಲ. ಅದು ದೇವರೇ ಅಲ್ಲವೇ?”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೇಕಾರ. ಅವನ ಹೆಂಡತಿ ಚೊಚ್ಚಲ ಬಸುರಿ, ಆರನೆಯ ತಿಂಗಳು ನಡೆದಿತ್ತು. ಅವನು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವನು; ಅವಳು ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಲಾಳಿಯ ಕಂಡಿಕೆಗೆ ನೂಲು ಸುತ್ತುವಳು. ಮಗ್ಗ ಒಮ್ಮೆ ಬಡಿದರೆ ಹೊಟ್ಟೆಯೊಳಗೆ ಒಮ್ಮೆ ಮಿಸುಕಿದಂತಾಗುವುದು. ಬಡಿತ ಬಿರುಸಾದರೆ ಅದೂ ಬಿರುಸು. ಮಗ್ಗ ನಿಂತರೆ ಅವಳು ಜೋಗುಳ ಹಾಡುವಳು, ಕೂಸು ಮಲಗಿತೆಂದು ತಾನೂ ಮಲಗುವಳು.

“ನೋಡ್ರವ್ವಾ, ನನ್ನ ಮೊಮ್ಮಗ ಬಸಿರಾಗ ಇದ್ದಕೊಂಡ ನೇಯಾಕ ಕಲ್ತಾನ!” ಎಂದು ಅತ್ತೆ ಓಣಿಗೆಲ್ಲ ಸಾರಿ ಬಂದಳು.

ಮಿಸುಕಾಟ ಶುರುವಾದ ಮೇಲೆ ಮೊದಲ ಅಮಾವಾಸ್ಯೆ ಬಂತು. ಅಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ಬೆಳಗಿನಿಂದ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಏನೂ ಇಲ್ಲ.

“ಅತ್ತೀ, ಕೂಸು ಸುಮ್ಮನಾಗೇತ್ರಿ.”

“ಇವತ್ತು ಅಮಾಸಿ ಅಲ್ಲೇನು ಯವ್ವಾ! ನೇಕಾರರ ಕೂಸು. ಅದಕ್ಕೂ ಸೂಟಿ ಬ್ಯಾಡೇನು?”

ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡನ ಕಾಲು ಹಿಡಿದಳು. ಅವನು ಮಗ್ಗಕ್ಕೆ ಕೈಮುಗಿದು, ತಪ್ಪಾಯಿತೆಂದು ಬೇಡಿಕೊಂಡು, ಕುಣಿಗಿಳಿದು ಬಡಿದ. ಕಂಬಕ್ಕೊರಗಿ ಕೂತ ಅವಳ ಹೊಟ್ಟೆ ಬಡಿದ ಕೂಡಲೇ ಮಿಸುಕಿತು. ಅವಳ ಹೋದ ಜೀವ ಬಂತು. ಬಾಯಾರಿತ್ತು, ಪಕ್ಕದಲ್ಲಿದ್ದ ತಂಬಿಗೆಗೆ ಕೈ ಚಾಚಿದಳು.

ತಂಬಿಗೆಯ ನೀರು ನಡುಗುತ್ತಿತ್ತು. ಮಗ್ಗ ಒಮ್ಮೆ ಬಡಿದರೆ ಒಮ್ಮೆ. ಬಡಿತ ಬಿರುಸಾದರೆ ಅದೂ ಬಿರುಸು.

ಆ ನೀರಿನೊಳಗೆ ಕೂಸಿರಲಿಲ್ಲ.

ಅವಳು ಕಂಬ ಬಿಟ್ಟೆದ್ದು ಅಂಗಳದಲ್ಲಿ ನಿಂತಳು. ಒಳಗೆ ಮಗ್ಗ ಬಡಿಯುತ್ತಲೇ ಇತ್ತು. ಹೊಟ್ಟೆ ಸುಮ್ಮನಿತ್ತು. ಇಷ್ಟು ದಿನ ಯಾರನ್ನು ಜೋಗುಳ ಹಾಡಿ ಮಲಗಿಸಿದೆ ಎಂದುಕೊಂಡಳು.

ಮಗ್ಗದ ಸದ್ದು ಮುಟ್ಟದ ಊರಾಚೆಯ ಗುಡಿಸಲಿನಲ್ಲಿ ಸೂಲಗಿತ್ತಿಯಿದ್ದಳು. ಅಲ್ಲಿಗೆ ಓಡಿ ನಡೆದದ್ದನ್ನು ಹೇಳಿದಳು.

“ಕೂಸು ತಾನಾಗಿ ಅಲುಗಿದ್ದು ಯಾವಾಗ, ತಂಗಿ?” ಎಂದಳು ಸೂಲಗಿತ್ತಿ.

ಮುದುಕಿ ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣುಮುಚ್ಚಿ ಕೂತಳು. ಬಸುರಿ ಕೂಸನ್ನು ಕರೆದಳು, ಬೇಡಿದಳು, ಹರಕೆ ಹೊತ್ತಳು. ಕೂಸು ಯಾವುದಕ್ಕೂ ಓಗೊಡಲಿಲ್ಲ. ಹೊತ್ತು ಇಳಿಯಿತು. ಕೇಳುವುದನ್ನೂ ಬಿಟ್ಟು ಅವಳು ಸುಮ್ಮನೆ ಬಿದ್ದುಕೊಂಡಾಗ, ಪಕ್ಕೆಯ ಕಡೆ, ಎಂದೂ ಏನೂ ಆಗದ ಜಾಗದಲ್ಲಿ, ಮೀನು ಹೊರಳಿದಂತೆ ಏನೋ ಹೊರಳಿತು. ಮತ್ತೆ ಸುಮ್ಮನಾಯಿತು. ಇನ್ನೊಮ್ಮೆ ಬಾ ಎಂದಳು. ಬರಲಿಲ್ಲ, ತನಗೆ ಬೇಕಾದಾಗ ಬಂತು.

“ಐತಿ,” ಎಂದಳು ಮುದುಕಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು, “ಹಾಗಾದರೆ ನನ್ನೊಳಗಿನದು?” ಎಂದ.

“ಒಂದು ದಿನವೂ ತಪ್ಪಿಲ್ಲ ಅಂದೆಯಲ್ಲ ಮಗೂ, ನನಗೆ ಅದೇ ಭಯ.”



ಕೇಳಿದವರು ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಬಸುರಿ ಇರುವ ಮನೆಗೂ ಭಜನೆ ನಡೆಯುವ ಮನೆಗೂ ತಲುಪಿಸಿ.