ಉಗುರು ಬೇಡ ಅಂದ ಮೇಲೆ

ನಮ್ಮ ಸಕ್ಕರೆ ಕಾರ್ಖಾನೆಯ ಪುಟ್ಟ ಆಸ್ಪತ್ರೆಯಲ್ಲಿ ಶನಿವಾರ ಬಂತೆಂದರೆ ಸಕ್ಕರೆ ಕಾಯಿಲೆಯವರ ಸಾಲು. ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಪಥ್ಯದ ಮಾತು ಎಲ್ಲ ಒಂದೇ ಕಡೆ. ಮೂಲೆಯ ಕೋಣೆಯಲ್ಲಿ ಆಯಾ ಕೆಂಪಾಜಮ್ಮ ಕಾರ್ಮಿಕರ ಪಾದ ತೊಳೆದು, ಬೆರಳ ಸಂದಿ ನೋಡಿ, ಉಗುರು ಕತ್ತರಿಸುತ್ತಿದ್ದರು.

ಹೊಸ ಮ್ಯಾನೇಜರ್ ಬಂದ. ಬಂದವನೇ ಗುಡುಗಿದ. "ಮಾತ್ರೆ ಕೊಟ್ಟರೆ ಸಾಲದಾ? ಉಗುರು ಕತ್ತರಿಸೋಕೂ ಕಾರ್ಖಾನೆ ದುಡ್ಡು ಸುರೀಬೇಕಾ? ಈ ಕೋಣೆ ಇವತ್ತಿಂದ ಬಂದ್. ಬದಲಿಗೆ ಏನು ಬೇಕೋ ಕೇಳಮ್ಮ, ಕೊಡಿಸ್ತೀನಿ."

ಕೆಂಪಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಒಂದು ಕೊಡಲಿ ಕೊಡಿಸಿ ಸಾ," ಅಂದರು.

"ಕೊಡಲಿನಾ? ಆಸ್ಪತ್ರೇಲಿ ಕೊಡಲಿ ಯಾಕೆ?"

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ ಹಿರೀಕರು ಅಂತಿದ್ರು. ತಾವು ಉಗುರೇ ಬೇಡ ಅಂದ್ರಿ. ಸಕ್ಕರೆ ಕಾಯಿಲೆಯೋರಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಾಕಿಲ್ಲ. ಹುಣ್ಣಾಗಿ ಕೊಳೆತ ಮೇಲೆ ಕಾಲೇ ಕಡೀಬೇಕು. ದೊಡ್ಡಾಸ್ಪತ್ರೇಲಿ ಕಡಿಸಿದ್ರೆ ಖರ್ಚೆಲ್ಲ ಕಾರ್ಖಾನೆ ತಲೆ ಮೇಲೆ. ಇಲ್ಲೇ ಮುಗಿಸಿದ್ರೆ ಕೊಡಲಿ ಒಂದೇ ಖರ್ಚು. ಎಷ್ಟು ಉಳಿತಾಯ ನೋಡಿ ಸಾ!"

ಸಾಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮ್ಯಾನೇಜರ್ ನಗಲಿಲ್ಲ. ಮೆಲ್ಲಗೆ ತನ್ನ ಬೂಟಿನ ಕಡೆ ನೋಡಿಕೊಂಡ.

ಮುಂದಿನ ಶನಿವಾರ ಕೋಣೆ ತೆರೆದೇ ಇತ್ತು. ಸಾಲಿನ ಕೊನೆಯಲ್ಲಿ, ಬೂಟು ಕೈಯಲ್ಲಿ ಹಿಡಿದು, ಮ್ಯಾನೇಜರೇ ನಿಂತಿದ್ದ. ಅವನಿಗೂ ಸಕ್ಕರೆ ಕಾಯಿಲೆ ಇದ್ದದ್ದು ಅವತ್ತೇ ಊರಿಗೆಲ್ಲ ಗೊತ್ತಾಯಿತು.

ಕೆಂಪಾಜಮ್ಮ ಮಣೆ ಮುಂದಕ್ಕೆ ತಳ್ಳಿದರು.

"ಬನ್ನಿ ಸಾ, ಕೂತ್ಕೊಳ್ಳಿ. ಉಗುರೋ, ಕೊಡಲಿಯೋ?"